ಅಗಸ್ತ್ಯನ ಕೊನೆಯ ಚೌಕ

ಪಾರ್ಶ್ವವಾಯು ಬಡಿದ ಕೈ ಸತ್ತಿರುವುದಿಲ್ಲ. ಅದಕ್ಕೆ ಆಜ್ಞೆ ತಲುಪುತ್ತಲೇ ಇರುತ್ತದೆ, ಆದರೆ ಅರ್ಧಂಬರ್ಧ. 'ಲೋಟ ಎತ್ತು' ಎಂದು ಮೆದುಳು ಹೇಳಿದ್ದು ಮೊಣಕೈ ದಾಟುವಷ್ಟರಲ್ಲಿ ಅರ್ಥವಾಗದ ಗೊಣಗಾಟವಾಗಿರುತ್ತದೆ. ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಡಾ. ಸಮೀನಾ ನದಾಫ್ ತಯಾರಿಸಿದ ಕೈಗವಸು ಆ ಗೊಣಗಾಟವನ್ನು ಮುಂಗೈಯ ಸ್ನಾಯುಗಳಲ್ಲಿ ಕೇಳಿಸಿಕೊಳ್ಳುತ್ತಿತ್ತು. ಅದು ಏನಿರಬಹುದೆಂದು ಊಹಿಸುತ್ತಿತ್ತು. ಆಮೇಲೆ ಬೆರಳುಗಳಿಗೆ ಕಟ್ಟಿದ ಸಣ್ಣ ತಂತಿಗಳನ್ನು ಎಳೆದು ಕೆಲಸ ಪೂರ್ತಿ ಮಾಡುತ್ತಿತ್ತು.

ಊಹಿಸಲು ನೆನಪು ಬೇಕು. ಸಾವಿರಾರು ಆರೋಗ್ಯವಂತರ ಚಲನೆಗಳನ್ನು ಕೂಡಿಸಿ ಸರಾಸರಿ ತೆಗೆದ ಒಂದು 'ಸಾಮಾನ್ಯ ಕೈ' ಸಮೀನಾಳ ಬಳಿ ಮೊದಲೇ ಇತ್ತು. ಆ ನೆನಪು ತುಂಬಿದ ಗವಸು ಊಟ ಮಾಡಿಸುತ್ತಿತ್ತು, ಗುಂಡಿ ಹಾಕಿಸುತ್ತಿತ್ತು, ಬೀಗ ತೆಗೆಸುತ್ತಿತ್ತು. ಆದರೆ ಆಕೆಗೆ ಬೇಕಾಗಿದ್ದದ್ದು ರೋಗಿಯ ಸ್ವಂತ ಕೈ. ನಿಬ್ಬು ಕಾಗದದ ಮೇಲೆ ಒತ್ತಿ ಮಾಡಿದ ತಗ್ಗನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರೆ ಆ ಕೈ ಎಲ್ಲಿ ಅವಸರ ಮಾಡಿತು, ಎಲ್ಲಿ ಭಾರ ಹಾಕಿತು, ಎಲ್ಲಿ ತಡೆದು ನಿಂತಿತು ಎಂಬುದೆಲ್ಲ ಸಿಗುತ್ತದೆ. ಅಷ್ಟು ಕುರುಹು ಬಿಟ್ಟುಹೋಗುವ ಜನ ಕಡಿಮೆ. ಹೆಚ್ಚಿನವರ ಬಳಿ ನಾಲ್ಕು ಸಹಿ, ಎರಡು ಸಂತೆ ಚೀಟಿ ಬಿಟ್ಟರೆ ಬೇರೇನೂ ಇರುವುದಿಲ್ಲ.

ಮೌನೇಶಪ್ಪ ಚಿತ್ರಗಾರನ ಬಳಿ ಒಂದು ಟ್ರಂಕು ತುಂಬ ಇತ್ತು.

ಅವನು 'ಲೋಕಘೋಷ' ಎಂಬ ದಿನಪತ್ರಿಕೆಗೆ ವರ್ಷಗಟ್ಟಲೆ ಚಿತ್ರಪಟ್ಟಿ ಬರೆದವನು. ದಿನಕ್ಕೆ ನಾಲ್ಕು ಚೌಕ. ನಾಯಕನ ಹೆಸರು ಕ್ಯಾಪ್ಟನ್ ಅಗಸ್ತ್ಯ. ತಲೆಗೆ ಗಾಜಿನ ಬುರುಡೆ, ಸೊಂಟಕ್ಕೆ ಕಿರಣದ ಬಂದೂಕು, ಓಡಾಡಲು ಮೀನಿನಾಕಾರದ ರಾಕೆಟ್ಟು. ಎಪ್ಪತ್ತರ ದಶಕದಲ್ಲಿ ಹುಬ್ಬಳ್ಳಿ, ಗದಗ, ಬಾಗಲಕೋಟೆಯ ಹುಡುಗರು ಪತ್ರಿಕೆಯನ್ನು ಕೊನೆಯ ಪುಟದಿಂದ ಓದುತ್ತಿದ್ದದ್ದು ಇವನಿಗಾಗಿ. ಪತ್ರಿಕೆ ಒಂದು ದಿನ ಯಾರಿಗೂ ಹೇಳದೆ ಬಾಗಿಲು ಹಾಕಿತು. ಕೊನೆಯ ಸಂಚಿಕೆಯಲ್ಲಿ ಅಗಸ್ತ್ಯನ ರಾಕೆಟ್ಟು ಎಲ್ಲೋ ಇಳಿದಿತ್ತು. ನಾಲ್ಕನೆಯ ಚೌಕದಲ್ಲಿ ಅವನ ಕೈ ಬಾಗಿಲಿನ ಹಿಡಿಕೆಯ ಮೇಲಿತ್ತು. ಬಾಗಿಲಿನ ಆಚೆ ಏನಿದೆ ಎಂಬುದು ಅಚ್ಚಾಗಲೇ ಇಲ್ಲ.

ಆ ಹುಡುಗರು ಈಗ ಮುದುಕರು. ಎದುರು ಸಿಕ್ಕಾಗಲೆಲ್ಲ ಅವರು ಮೌನೇಶಪ್ಪನನ್ನು ಕೇಳುತ್ತಿದ್ದದ್ದು ಒಂದೇ: ಬಾಗಿಲು ತೆಗೆಯಲು ಹೊರಟಿದ್ದನಲ್ಲ, ಹೊರಗೆ ಏನಿತ್ತು? ಅವನು ನಗುತ್ತಿದ್ದ. ಅದು ತಲೆಯಲ್ಲಿದೆ, ಬಾಯಲ್ಲಿ ಹೇಳುವುದಲ್ಲ, ಬರೆದು ತೋರಿಸುವುದು ಎನ್ನುತ್ತಿದ್ದ. ನಾಳೆ ಬರೆದರಾಯಿತು ಎಂದು ನಲವತ್ತು ವರ್ಷ ಕಳೆದ. ಆಮೇಲೆ ಪಾರ್ಶ್ವವಾಯು ಬಡಿದು ಬಲಗೈ ಬಿತ್ತು.

*

ಹಳೇ ಹುಬ್ಬಳ್ಳಿಯಲ್ಲಿ ಅವನ ಮಗಳು ಕಸ್ತೂರಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಮನೆ ಗಿರಣಿಯ ಹಿಂದೆಯೇ. ಗಂಡ ಲಾರಿಯ ಮೇಲೆ ಊರೂರು ಅಲೆಯುವವನು. ಅಪ್ಪನಿಗೆ ಅಂಗಿ ಹಾಕುವುದು, ಉಣಿಸುವುದು, ಲುಂಗಿ ಕಟ್ಟುವುದು ಎಲ್ಲ ಅವಳದೇ. ಉಣಿಸುತ್ತಿರುವಾಗ ಗಿರಾಕಿ ಕರೆದರೆ ಎದ್ದು ಹೋಗಬೇಕು. ಬರುವಷ್ಟರಲ್ಲಿ ಅವನು ಎಡಗೈಯಿಂದ ರೊಟ್ಟಿ ಹರಿಯಲು ಹೋಗಿ ತಾಟು ಬೀಳಿಸಿರುತ್ತಿದ್ದ. ಅವಳು ಬೈಯುತ್ತಿದ್ದಳು. ಅವನೂ ಬೈಯುತ್ತಿದ್ದ. ಇಬ್ಬರೂ ಬೈದುಕೊಂಡು ಒರೆಸುತ್ತಿದ್ದರು. ಒರೆಸುತ್ತಿದ್ದದ್ದು ಅವಳು.

ಸಮೀನಾ ಮನೆಗೆ ಬಂದು ಕೈಗವಸಿನ ವಿಷಯ ಹೇಳಿದಾಗ ಕಸ್ತೂರಿ ಕೇಳಿದ್ದು, ಅದರಿಂದ ಅಪ್ಪ ತಾನೇ ಉಣ್ಣಬಹುದೇ ಎಂದು. ಮೌನೇಶಪ್ಪ ಕೇಳಿದ್ದು, ಅದರಿಂದ ಚಿತ್ರ ಬರೆಯಬಹುದೇ ಎಂದು. ಅವನ ಸ್ವಂತ ಕೈಯ ನೆನಪು ಸಿಕ್ಕರೆ ಎರಡೂ ಆಗಬಹುದು, ಚಿತ್ರ ಬರೆಯುವ ಕೈಗೆ ತುತ್ತು ಎತ್ತುವುದು ದೊಡ್ಡ ಮಾತಲ್ಲ ಎಂದಳು ಸಮೀನಾ. ಆಕೆ ಸುಳ್ಳು ಹೇಳಲಿಲ್ಲ. ಆಕೆಯ ಲೆಕ್ಕದ ಪ್ರಕಾರ ಅದು ನಿಜವಿತ್ತು.

ಒಂದು ಷರತ್ತನ್ನೂ ಆಗಲೇ ಹೇಳಿದಳು. ಗವಸಿನಲ್ಲಿ ಒಂದೇ ನೆನಪು ಇರಲು ಸಾಧ್ಯ. ಎರಡು ತುಂಬಿದರೆ ಯಾವುದನ್ನು ಆರಿಸಬೇಕೆಂದು ತಿಳಿಯದೆ ಬೆರಳುಗಳು ನಡುಗತೊಡಗುತ್ತವೆ. ಒಂದು ತಿಂಗಳು ಪರೀಕ್ಷೆ. ಆಮೇಲೆ ಸ್ನಾಯುಗಳು ಆ ನೆನಪಿಗೆ ಒಗ್ಗಿಬಿಡುತ್ತವೆ. ಮತ್ತೆ ಬದಲಾಯಿಸಲು ಆಗುವುದಿಲ್ಲ.

ಮೌನೇಶಪ್ಪ ಟ್ರಂಕಿನ ಕೀಲಿ ಕೊಟ್ಟ. ಆ ದಿನ ಅವನು ಗಿರಣಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತು, ಬೀಸಲು ಬಂದವರಿಗೆಲ್ಲ ಅಗಸ್ತ್ಯ ಬಾಗಿಲು ತೆಗೆಯುತ್ತಾನೆ ಎಂದು ಹೇಳಿದ. ಕೆಲವರಿಗೆ ಅಗಸ್ತ್ಯ ಯಾರೆಂದು ಗೊತ್ತಿರಲಿಲ್ಲ. ಅವರಿಗೂ ಹೇಳಿದ.

*

ಪ್ರಯೋಗಾಲಯದಲ್ಲಿ ಟ್ರಂಕಿನ ಚಿತ್ರಗಳನ್ನು ಅಳೆದು ಮುಗಿಸಲು ಬಹಳ ದಿನ ಹಿಡಿಯಿತು. ದಪ್ಪ ರಟ್ಟಿನ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆದ ಮೂಲ ಪಟ್ಟಿಗಳು. ಅಂಚು ಹಳದಿಯಾಗಿದ್ದರೂ ಗೆರೆ ಕಪ್ಪಾಗಿಯೇ ಉಳಿದಿತ್ತು. ಎಂಥ ಗೆರೆಯೆಂದರೆ, ಅಳೆಯುತ್ತಿದ್ದ ಕಾಲೇಜಿನ ಹುಡುಗಿಯರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ರಾಕೆಟ್ಟಿನ ಹೊಟ್ಟೆಯ ಬಾಗು ಒಂದೇ ಎಳೆತದಲ್ಲಿ ಬಂದಂತೆ ಇತ್ತು.

ಗವಸು ತೊಡಿಸಿದ ದಿನ ಮೇಜಿನ ಮೇಲೆ ಹಳೆಯ ಪತ್ರಿಕೆಯ ಒಂದು ತುಣುಕು ಬಿದ್ದಿತ್ತು. ಅಗಸ್ತ್ಯ ಮಂಗಳನ ಮೇಲೆ ನಿಂತ ಚಿತ್ರ. ಅಭ್ಯಾಸಕ್ಕೆಂದು ಸಮೀನಾ ಅದರ ಮೇಲೊಂದು ತೆಳು ಹಾಳೆ ಹಾಸಿ ಪೆನ್ನು ಹಿಡಿಸಿದಳು. ಮೌನೇಶಪ್ಪನ ಕೈ ನಿಬ್ಬನ್ನು ಹಾಳೆಗೆ ಮುಟ್ಟಿಸಿತು. ಆಮೇಲೆ ಹೊರಟಿತು. ಗಾಜಿನ ಬುರುಡೆ, ದವಡೆ, ಭುಜ, ಬಂದೂಕು, ಒಂದೂ ತಪ್ಪದೆ ಇಳಿದವು. ಹುಡುಗಿಯರು ಚಪ್ಪಾಳೆ ತಟ್ಟಿದರು. ಯಾರೋ ವಿಡಿಯೋ ಮಾಡಿದರು. ಕಸ್ತೂರಿ ಸೆರಗಿನಿಂದ ಮೂಗು ಒರೆಸಿಕೊಂಡು, ಈಗ ಒಂದು ಲೋಟ ಎತ್ತಲಿ ನೋಡೋಣ ಎಂದಳು. ಅವಳ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಮೌನೇಶಪ್ಪ ಖಾಲಿ ಹಾಳೆ ಕೇಳಿದ. ಕೊಟ್ಟರು. ಕೈ ಹಾಳೆಯ ಮೇಲೆ ಹೋಗಿ ನಿಂತಿತು. ನಿಂತೇ ಇತ್ತು. ನಿಬ್ಬಿನ ತುದಿಯಲ್ಲಿ ಶಾಯಿ ಗುಂಡಗೆ ಸೇರಿ ಒಂದು ಹನಿ ಬಿತ್ತು. ಬ್ಯಾಟರಿ ನೋಡಿದರು, ತಂತಿ ನೋಡಿದರು, ಮುಂಗೈಯ ಪಟ್ಟಿಯನ್ನು ಬಿಚ್ಚಿ ಕಟ್ಟಿದರು. ಕೆಳಗೆ ಮತ್ತೆ ಚಿತ್ರವಿಟ್ಟರೆ ಕೈ ಓಡುತ್ತಿತ್ತು. ತೆಗೆದರೆ ನಿಲ್ಲುತ್ತಿತ್ತು.

ಹೊಸದಲ್ಲವೇ, ಮನೆಯಲ್ಲಿ ಕೆಲವು ದಿನ ತೊಟ್ಟುಕೊಂಡಿರಲಿ ಎಂದು ಸಮೀನಾ ಕಳಿಸಿದಳು.

*

ಮನೆಯಲ್ಲಿ ಮೊದಲ ಊಟಕ್ಕೆ ಕಸ್ತೂರಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿ ಎದುರು ಕುಳಿತಳು. ಕೈ ತಾಟಿನ ಅಂಚಿಗೆ ಹೋಯಿತು. ಅಂಚು ಹಿಡಿದು ಸುತ್ತತೊಡಗಿತು. ಒಂದು ಸುತ್ತು ಮುಗಿದ ಮೇಲೆ ಇನ್ನೊಂದು. ಬೆರಳು ಎಲ್ಲೂ ಜಾರಲಿಲ್ಲ, ಕಂಪಾಸಿನಿಂದ ಗೆರೆ ಎಳೆದಂತೆ ಸುತ್ತಿತು. ಅದನ್ನು ಎತ್ತಿ ರೊಟ್ಟಿಯ ಮೇಲಿಟ್ಟರೆ ರೊಟ್ಟಿಯ ಅಂಚನ್ನು ಸುತ್ತಿತು. ಮೌನೇಶಪ್ಪ ಎಡಗೈಯಿಂದ ಬಲಗೈಯನ್ನು ಹಿಡಿದು ನಿಲ್ಲಿಸಿದ.

ಅಂಗಿ ಹಾಕಿಕೊಳ್ಳಲು ಹೋದರೆ ಅದು ಕಾಲರಿನ ಹೊಲಿಗೆಯ ಗುಂಟ ಹೋಗುತ್ತಿತ್ತು. ಗೋಡೆಯ ಬಳಿ ನಿಂತರೆ ಬಿರುಕನ್ನು ಹಿಂಬಾಲಿಸುತ್ತಿತ್ತು. ಬೀಸಲು ಬಂದ ಹೆಂಗಸೊಬ್ಬಳು ಇಣುಕಿ ನೋಡಿ, ನಿಮ್ಮಪ್ಪನ ಕೈಗೆ ಭೂತ ಹಿಡಿದಿದೆ ಎಂದು ಕಸ್ತೂರಿಗೆ ಹೇಳಿದಳು. ಭೂತವಾದರೆ ಬಿಡಿಸಬಹುದಿತ್ತು, ಇದಕ್ಕೆ ಚಾರ್ಜ್ ಬೇರೆ ಹಾಕಬೇಕು ಎಂದು ಕಸ್ತೂರಿ ಹೇಳಿದಳು. ಹೇಳುವಾಗ ಅವಳಿಗೆ ನಗು ಬರಲಿಲ್ಲ.

ಮೌನೇಶಪ್ಪ ಪ್ರತಿದಿನ ಖಾಲಿ ಹಾಳೆಯ ಮುಂದೆ ಕೂರುತ್ತಿದ್ದ. ಕಣ್ಣು ಮುಚ್ಚಿ ಅಗಸ್ತ್ಯನ ಮುಖವನ್ನು ತಂದುಕೊಳ್ಳುತ್ತಿದ್ದ. ಮುಖ ಬರುತ್ತಿತ್ತು. ಕೈ ಬರುತ್ತಿರಲಿಲ್ಲ.

*

ಮತ್ತೆ ಪ್ರಯೋಗಾಲಯಕ್ಕೆ ಹೋದಾಗ ಸಮೀನಾ ಪರದೆಯ ಮೇಲೆ ಗೆರೆಗಳ ವೇಗವನ್ನು ತೋರಿಸಿದಳು. ಮನಸ್ಸಿನಿಂದ ಬರೆಯುವ ಕೈ ನೇರದಲ್ಲಿ ಓಡುತ್ತದೆ, ತಿರುವಿನಲ್ಲಿ ನಿಧಾನವಾಗುತ್ತದೆ, ಎತ್ತುವ ಮುಂಚೆ ಹಗುರಾಗುತ್ತದೆ. ಕೆಳಗಿನ ಗೆರೆಯನ್ನು ನೋಡಿಕೊಂಡು ಹೋಗುವ ಕೈಗೆ ಎಲ್ಲ ಕಡೆ ಒಂದೇ ವೇಗ, ಒಂದೇ ಭಾರ. ಟ್ರಂಕಿನಲ್ಲಿದ್ದ ಗೆರೆಗಳೆಲ್ಲ ಎರಡನೆಯ ಜಾತಿಯವು. ಗವಸು ಅವುಗಳಿಂದ ಕಲಿತದ್ದು ಬರೆಯುವುದನ್ನಲ್ಲ, ಕಣ್ಣಿಗೆ ಬಿದ್ದ ಗೆರೆಯನ್ನು ಹಿಂಬಾಲಿಸುವುದನ್ನು.

"ಅಜ್ಜಾರ, ಇವು ನೀವು ಕೆಳಗ ಬ್ಯಾರೆ ಚಿತ್ರಾ ಇಟ್ಟು ತಿದ್ದಿದ್ದು ಹೌದಲ್ರಿ?" ಎಂದು ಅವಳು ಕೇಳಿದಳು.

ಮೌನೇಶಪ್ಪ ಮೊದಲು ಸಿಟ್ಟಾದ. ಆಮೇಲೆ ಹೇಳಿದ. ಅವನು ಪತ್ರಿಕೆಗೆ ಸೇರಿದಾಗ ಅಗಸ್ತ್ಯ ಇಲ್ಲಿಯವನಾಗಿರಲಿಲ್ಲ. ಹೊರದೇಶದ ಚಿತ್ರಪಟ್ಟಿ. ಮುಂಬೈಯ ಏಜೆನ್ಸಿಯೊಂದು ವಾರಕ್ಕೊಮ್ಮೆ ಬ್ರೋಮೈಡ್ ಪ್ರತಿಗಳನ್ನು, ಎಂದರೆ ಚಿತ್ರದ ಫೋಟೋ ಪ್ರತಿಗಳನ್ನು, ಲಕೋಟೆಯಲ್ಲಿ ಕಳಿಸುತ್ತಿತ್ತು. ಅಗಸ್ತ್ಯ ಎಂಬ ಹೆಸರಿಟ್ಟದ್ದು ಉಪಸಂಪಾದಕರು. ಮೌನೇಶಪ್ಪನ ಕೆಲಸ ಮಾತಿನ ಗುಳ್ಳೆಯೊಳಗಿನ ಇಂಗ್ಲಿಷನ್ನು ಬಿಳಿ ಬಣ್ಣದಿಂದ ಮುಚ್ಚಿ ಕನ್ನಡ ಬರೆಯುವುದು. ಕನ್ನಡದ ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು. ಹಾಗಾಗಿ ಗುಳ್ಳೆಯನ್ನು ದೊಡ್ಡದು ಮಾಡುತ್ತಿದ್ದ. ಒಮ್ಮೊಮ್ಮೆ ನಕ್ಷತ್ರಗಳು ಹೋಗುತ್ತಿದ್ದವು, ಒಮ್ಮೊಮ್ಮೆ ಅಗಸ್ತ್ಯನ ಅರ್ಧ ತಲೆಯೇ ಹೋಗುತ್ತಿತ್ತು. ಹೆಂಗಸರ ಕಾಲು ಕಂಡರೆ ಸಂಪಾದಕರು ಪೈಜಾಮ ತೊಡಿಸಲು ಹೇಳುತ್ತಿದ್ದರು. ಅದನ್ನೂ ಇವನೇ ತೊಡಿಸುತ್ತಿದ್ದ.

ಒಂದು ವಾರ ಲಕೋಟೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಏಜೆನ್ಸಿಯ ಜೊತೆಗಿನ ಕರಾರು ಮುರಿದುಬಿದ್ದಿತ್ತು. ಸಂಪಾದಕರು ಇವನನ್ನು ಕರೆದು, ಇನ್ನು ನೀನೇ ಬರೆ, ಓದುಗರಿಗೆ ಗೊತ್ತಾಗಬಾರದು ಎಂದರು. ಅವನು ಕೆಳಗೆ ಬಲ್ಬು ಹಾಕಿದ ಗಾಜಿನ ಮೇಜು ಮಾಡಿಸಿದ. ಹಳೆಯ ಪ್ರತಿಗಳನ್ನು ಅದರ ಮೇಲಿಟ್ಟು ಮೇಲೆ ರಟ್ಟು ಇಟ್ಟು ತಿದ್ದಿದ. ರಟ್ಟು ದಪ್ಪವೆಂದು ಬಲ್ಬು ದೊಡ್ಡದು ಹಾಕಿಸಿದ. ಸೆಕೆಯಲ್ಲಿ ಕೈ ಸುಡುತ್ತಿತ್ತು. ಓದುಗರಿಗೆ ಗೊತ್ತಾಗಲಿಲ್ಲ. ಒಬ್ಬರೂ ದೂರು ಬರೆಯಲಿಲ್ಲ. ಮುಂದೆ ಪಟ್ಟಿಯ ಮೂಲೆಯಲ್ಲಿ 'ಚಿತ್ರ: ಮೌನೇಶ' ಎಂದು ಅಚ್ಚಾಗತೊಡಗಿತು.

ಅದು ಶುರುವಿನ ಮಾತು, ಆಮೇಲಿನದೆಲ್ಲ ಸ್ವಂತದ್ದು ಎಂದು ಅವನು ವಾದಿಸಿದ. ಸ್ವಂತದ್ದು ಎನಿಸಿದ ಒಂದನ್ನು ಆರಿಸಿ ಕೊಡಿ ಎಂದಳು ಸಮೀನಾ. ಅವನು ಬಹಳ ಹೊತ್ತು ಹುಡುಕಿ ಶನಿಯ ಉಂಗುರದ ಮೇಲೆ ಅಗಸ್ತ್ಯ ಓಡುವ ಪಟ್ಟಿಯನ್ನು ತೆಗೆದ. ಅವಳು ಅದನ್ನು ಯಂತ್ರದ ಕೆಳಗಿಟ್ಟಳು. ಪರದೆಯ ಮೇಲೆ ಒಂದೇ ವೇಗದ ಚಪ್ಪಟೆ ಗೆರೆ ಬಂತು. ಕಾಲು ಒಂದು ಹಳೆಯ ಪಟ್ಟಿಯದು, ಮುಖ ಮತ್ತೊಂದರದು, ಉಂಗುರ ಇನ್ನೊಂದರದು. ಯಾವುದು ಎಲ್ಲಿಯದೆಂದು ಯಂತ್ರ ಹೇಳುವ ಮೊದಲೇ ಮೌನೇಶಪ್ಪನಿಗೆ ನೆನಪಾಯಿತು. ಅವನೇ ಬೆರಳಿಟ್ಟು ತೋರಿಸಿದ.

"ಹಂಗs ಮಾಡ್ತಿದ್ವಿ. ದಿನಾ ಸಂಜೀಕ ಅಚ್ಚಿನ ಬ್ಲಾಕ್ ಮಾಡೂ ಮನುಷ್ಯಾ ಬಂದು ನಿಂದರ್ತಿದ್ದ. ಯೋಚನಿ ಮಾಡಾಕ ಹೊತ್ತು ಎಲ್ಲಿತ್ರಿ?"

ಬೇರೆ ಚಿತ್ರಗಳೇನಾದರೂ ಇವೆಯೇ ಎಂದು ಸಮೀನಾ ಕೇಳಿದಳು. ಹುಡುಗನಿದ್ದಾಗ ಮೌನೇಶಪ್ಪ ಮನೆತನದ ಕಸುಬಿನಂತೆ ಮರದ ಗೊಂಬೆಗಳಿಗೆ ಬಣ್ಣ ಬರೆಯುತ್ತಿದ್ದ. ಪತ್ರಿಕೆ ಮುಚ್ಚಿದ ಮೇಲೆ ಅಂಗಡಿಗಳ ಗೋಡೆಗೆ ಜಾಹೀರಾತು ಬರೆದ. ಗೊಂಬೆಗಳು ಯಾರ ಮನೆ ಸೇರಿದವೋ ಗೊತ್ತಿಲ್ಲ. ಗೋಡೆಗಳ ಮೇಲೆ ಸುಣ್ಣ ಬಿದ್ದಿತ್ತು.

ತಿಂಗಳು ಮುಗಿಯುತ್ತ ಬಂದಿದೆ, ಈ ನೆನಪು ಅಳಿಸಿ ಸಾಮಾನ್ಯ ಕೈಯನ್ನು ತುಂಬಿದರೆ ಊಟ, ಸ್ನಾನ, ಅಂಗಿ ಎಲ್ಲ ಸರಿಹೋಗುತ್ತದೆ ಎಂದಳು ಸಮೀನಾ. ಆದರೆ ಆ ಕೈ ಚಿತ್ರ ಬರೆಯುವುದಿಲ್ಲ. ಈಗಿನ ಕೈ ಬೇಕೆಂದರೆ ಇದೇ ಉಳಿಯುತ್ತದೆ, ಕಾಯಂ. ತೀರ್ಮಾನ ನಿಮ್ಮದು.

ಬಸ್ಸಿನಿಂದ ಇಳಿಯುವಾಗ ಕಸ್ತೂರಿ, ನನಗೂ ವಯಸ್ಸಾಗುತ್ತಿದೆ, ಇನ್ನೆಷ್ಟು ವರ್ಷ ನಿನಗೆ ಉಣಿಸಲಿ ಎಂದಳು. ಅವನು ಕಂಬಿ ಹಿಡಿದು ಇಳಿದ. ಬೆರಳುಗಳು ಕಂಬಿಯ ಗುಂಟ ಮೇಲಕ್ಕೂ ಕೆಳಕ್ಕೂ ಹರಿದಾಡಿದವು. ಅವಳು ಬಿಡಿಸಬೇಕಾಯಿತು.

*

ಎರಡು ದಿನ ಕಳೆದ ಮೇಲೆ ಮೌನೇಶಪ್ಪನಿಗೆ ಒಂದು ಉಪಾಯ ಹೊಳೆಯಿತು. ಕೈಗೆ ಕೆಳಗೊಂದು ಗೆರೆ ಬೇಕು, ಅಷ್ಟೆ. ಅದು ಯಾರದ್ದಾದರೇನು? ಕಸ್ತೂರಿ ಪೆನ್ಸಿಲಿನಿಂದ ಬರೆಯಲಿ, ಅವನು ಹೇಳಿಕೊಡುತ್ತಾನೆ, ಕೈ ಅದರ ಮೇಲೆ ಶಾಯಿ ಹಾಕುತ್ತದೆ. ನಾಲ್ಕೇ ಚೌಕ. ಅಗಸ್ತ್ಯ ಬಾಗಿಲು ತೆಗೆದುಬಿಟ್ಟರೆ ಸಾಕು. ಆಮೇಲೆ ಗವಸಿನಿಂದ ಏನನ್ನು ಬೇಕಾದರೂ ಅಳಿಸಲಿ.

ಕಸ್ತೂರಿ ಶಾಲೆ ಬಿಟ್ಟ ಮೇಲೆ ಪೆನ್ಸಿಲ್ ಹಿಡಿದವಳಲ್ಲ. ರಂಗೋಲಿಯನ್ನೂ ಅಂಗಡಿಯ ತಗಡಿನ ಅಚ್ಚಿನಿಂದ ಹಾಕುತ್ತಿದ್ದಳು. ಆದರೂ ಗಿರಣಿಯ ಬೆಲ್ಟು ಬಿಚ್ಚಿ ಬಂದು ಕುಳಿತಳು. ನಾಲ್ಕು ಚೌಕ ಮುಗಿದರೆ ಅವನು ತಾನೇ ಉಣ್ಣುತ್ತಾನೆ ಎಂಬುದು ಅವಳ ಲೆಕ್ಕ.

ಮೊದಲ ಚೌಕದಲ್ಲಿ ರಾಕೆಟ್ಟು ನಿಂತಿರಬೇಕು. ಅವಳು ಬರೆದದ್ದು ಬದನೆಕಾಯಿಯಂತೆ ಬಂತು. ಅವನು ಸರಿಪಡಿಸಲು ಹೇಳಿದ, ಅವಳು ಅಳಿಸಿ ಬರೆದಳು, ಇನ್ನೂ ಕೆಟ್ಟಿತು. ಇರಲಿ ಬಿಡು ಎಂದ. ಹಾಳೆಯನ್ನು ಎದುರಿಗೆ ಎಳೆದುಕೊಂಡ. ಕೈ ಹೊರಟಿತು. ಗೆರೆ ಹಳೆಯದೇ. ಅದೇ ಹೊಳಪು, ಅದೇ ಭಾರ. ಆ ಗೆರೆಯಲ್ಲಿ ಬದನೆಕಾಯಿ ಬದನೆಕಾಯಿಯಾಗಿಯೇ ಮೂಡಿತು. ಅವಳ ಪೆನ್ಸಿಲು ನಡುಗಿದ ಕಡೆಯೆಲ್ಲ ಕೈ ಆ ನಡುಕವನ್ನು ಒಂದೂ ಬಿಡದೆ ಶಾಯಿಯಲ್ಲಿ ಎತ್ತಿತು.

ಎರಡನೆಯ ಚೌಕದಲ್ಲಿ ಅಗಸ್ತ್ಯ ಎದ್ದು ನಿಲ್ಲಬೇಕು.

"ಕಾಲು ಇಷ್ಟ್ಯಾಕ ಗಿಡ್ಡ ತಗದಿ?" ಎಂದ ಮೌನೇಶಪ್ಪ.

"ನಾ ಎಲ್ಲಿ ಚಿತ್ರಾ ಬರಿಯಾಕಿ ಅದೀನಪಾ? ಶಾಯಿ ಹಾಕೂಮುಂದ ನೀನs ಉದ್ದ ಮಾಡ್ಕೋ."

"ನನಗ ಬರೂದಿಲ್ಲ."

ಅವನು ಅದನ್ನು ಹೇಳಿದ ರೀತಿಗೆ ಕಸ್ತೂರಿ ತಲೆಯೆತ್ತಿ ನೋಡಿದಳು. ಕೈಯ ಬಗ್ಗೆ ಹೇಳಿದನೋ ತನ್ನ ಬಗ್ಗೆ ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಕಾಲು ಗಿಡ್ಡವಾಗಿಯೇ ಉಳಿಯಿತು. ಮೂರನೆಯ ಚೌಕದಲ್ಲಿ ಬರೀ ಕೈ ಮತ್ತು ಬಾಗಿಲಿನ ಹಿಡಿಕೆ. ಅಗಸ್ತ್ಯನ ಕೈಗೆ ಆರು ಬೆರಳು ಬಂದವು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಶಾಯಿ ಹಾಕಿದ ಮೇಲೆ ಆರೂ ಬೆರಳು ಅಚ್ಚುಕಟ್ಟಾಗಿ ಹೊಳೆದವು.

ಹೊರಗೆ ಗಿರಣಿಯ ಮುಂದೆ ಡಬ್ಬಿ ಇಟ್ಟುಕೊಂಡು ಜನ ಸೇರತೊಡಗಿದ್ದರು. ಒಬ್ಬಳು ಕೂಗಿದಳು. ಬಂದೆ ಎಂದು ಕಸ್ತೂರಿ ಕುಳಿತಲ್ಲಿಂದಲೇ ಹೇಳಿ, ನಾಲ್ಕನೆಯ ಚೌಕದ ಗೆರೆ ಎಳೆದಳು.

"ಬಾಗಲಾ ತಗದ. ಹೇಳಪಾ, ಹೊರಗ ಏನೈತಿ?"

ಮೌನೇಶಪ್ಪ ಕಣ್ಣು ಮುಚ್ಚಿಕೊಂಡ. ಹುಡುಗರು ಕೇಳಿದಾಗ, ಮುದುಕರು ಕೇಳಿದಾಗ, ಒಮ್ಮೆ ಆಕಾಶವಾಣಿಯವರು ಬಂದು ಕೇಳಿದಾಗಲೂ ತಲೆಯಲ್ಲಿದೆ ಎಂದಿದ್ದ. ಅವನು ಈಗ ತಲೆಯೊಳಗೆ ಹುಡುಕುತ್ತಿದ್ದಾನೆ ಎಂದು ಅವಳು ತಿಳಿದಳು. ಅವನು ಹುಡುಕುತ್ತಲೇ ಇದ್ದ.

"ಭೂಮಿ ಐತೇನು? ಬ್ಯಾರೆ ಗ್ರಹ ಐತೇನು? ಮಂದಿ ಬಂದು ನಿಂತಾರೇನು? ಏನರ ಒಂದು ಹೇಳು, ನಾ ಹ್ಯಾಂಗರ ತಗೀತೇನಿ."

ಅವನು ಕಣ್ಣು ತೆಗೆದ. ಖಾಲಿ ಚೌಕವನ್ನು ನೋಡಿದ. ಗವಸಿನೊಳಗಿನ ಬೆರಳು ಆ ಚೌಕದ ನಾಲ್ಕು ಬದಿಯನ್ನು ಸುತ್ತಿ ಬಂದು ಮತ್ತೆ ಸುತ್ತತೊಡಗಿತು.

"ಅದು ಬರ್ತಿತ್ತು," ಎಂದ. "ಮುಂಬೈಯಿಂದ ಲಕೋಟೆ ಬರ್ತಿತ್ತಲಾ ಯವ್ವಾ, ಅದರಾಗ ಇರ್ತಿತ್ತು."

ಲಕೋಟೆ ನಿಂತು ಎಷ್ಟೋ ವರ್ಷದ ಮೇಲೆ ಪತ್ರಿಕೆ ಮುಚ್ಚಿದ್ದು. ಆ ವರ್ಷಗಳಲ್ಲೆಲ್ಲ ಅಗಸ್ತ್ಯ ಹಳೆಯ ಯುದ್ಧಗಳನ್ನೇ ಗ್ರಹದ ಹೆಸರು ಬದಲಿಸಿ ಮಾಡುತ್ತಿದ್ದ. ಹೊಸ ಬಾಗಿಲೊಂದು ಬಂದದ್ದು ಅದೇ ಮೊದಲು. ಮರುದಿನ ಆಚೆ ಏನೆಂದು ಬರೆಯಬೇಕಿತ್ತು. ಆ ಮರುದಿನ ಪತ್ರಿಕೆ ಇರಲಿಲ್ಲ. ಕಚೇರಿಯ ಬೀಗ ನೋಡಿ ಎಲ್ಲರೂ ಅತ್ತಾಗ ತನಗೆ ಒಳಗೊಳಗೇ ಹಗುರಾಗಿತ್ತು ಎಂದು ಅವನು ಮಗಳಿಗೆ ಹೇಳಿದ. ಅವಳು ಪೆನ್ಸಿಲನ್ನು ಕೆಳಗಿಟ್ಟು ಗಿರಣಿಗೆ ಹೋದಳು. ಜೋಳ, ಗೋಧಿ ಎಲ್ಲ ಬೀಸಿ ಮುಗಿಸಿ ಬಂದಾಗ ಅವನು ಹಾಗೆಯೇ ಕುಳಿತಿದ್ದ. ಬೆರಳು ಚೌಕವನ್ನು ಸುತ್ತುತ್ತಿತ್ತು. ಅವಳು ಗವಸಿನ ಸ್ವಿಚ್ ಆರಿಸಿ, ತಾಟು ತಂದು, ತುತ್ತು ಮಾಡಿ ಬಾಯಿಗಿಟ್ಟಳು. ನಾಳೆ ಡಾಕ್ಟರಿಗೆ ಫೋನ್ ಮಾಡು ಎಂದ, ಉಣ್ಣುತ್ತಲೇ.

*

ಅಳಿಸುವುದು ದೊಡ್ಡ ಕೆಲಸವಾಗಿರಲಿಲ್ಲ. ಸಮೀನಾ ಎರಡು ಬಾರಿ ಕೇಳಿ ಖಚಿತಪಡಿಸಿಕೊಂಡಳು. ಟ್ರಂಕಿನ ಚಿತ್ರಗಳನ್ನು ಕಾಲೇಜಿನವರು ಗಾಜಿನ ಕಪಾಟಿನಲ್ಲಿ ಇಡುತ್ತೇವೆ ಎನ್ನುತ್ತಿದ್ದಾರೆ, ಕೆಳಗೆ ನಿಮ್ಮ ಹೆಸರು ಹಾಕಿಸುತ್ತೇವೆ ಎಂದಳು. ಹಾಕಿಸಿ ಎಂದ. ಆ ಹೊರದೇಶದ ಕಲಾವಿದನ ಹೆಸರು ನೆನಪಿದೆಯೇ ಎಂದು ಅವಳು ಕೇಳಿದಳು. ಪಟ್ಟಿಯ ಮೂಲೆಯಲ್ಲಿ ಸಣ್ಣಗೆ ಸಹಿ ಇರುತ್ತಿತ್ತು. ಅದರ ಮೇಲೆ ಬಿಳಿ ಬಣ್ಣ ಹಚ್ಚುವುದೂ ತನ್ನ ಕೆಲಸವೇ ಆಗಿತ್ತು, ಓದಿದ ನೆನಪಿಲ್ಲ ಎಂದ.

ಸಾಮಾನ್ಯ ಕೈ ತುಂಬಿದ ಮೇಲೆ ಪರೀಕ್ಷೆ ನಡೆಸಿದರು. ಲೋಟ ಎತ್ತಿದ, ನೀರು ಕುಡಿದ, ಚೆಲ್ಲಲಿಲ್ಲ. ಹೆಸರು ಬರೆಯಲು ಹೇಳಿದರು. ಮೌನೇಶ ಎಂದು ದುಂಡಗೆ, ಶಾಲೆಯ ಹಲಗೆಯ ಮೇಲಿನ ಅಕ್ಷರದಂತೆ ಬಂತು. ಅದು ಅವನ ಅಕ್ಷರವಲ್ಲ, ಯಾರ ಅಕ್ಷರವೂ ಅಲ್ಲ. ಚಂದ ಬಂದಿದೆ ಎಂದಳು ಕಸ್ತೂರಿ. ಅವನು ಹೌದೆಂದ.

ಹೊರಡುವಾಗ ಅವಳು ಅಭ್ಯಾಸಬಲದಿಂದ ಅವನ ಅಂಗಿಯತ್ತ ಕೈ ಚಾಚಿದಳು. ಅವನು ಅವಳನ್ನು ತಡೆದು, ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ತಾನೇ ಹಾಕಿಕೊಂಡ. ಒಂದೂ ತಪ್ಪಲಿಲ್ಲ.